ಕರ್ನಾಟಕದ ಟಿಎಫ್‌ಆರ್ 1.7 ಅಂತೆ, ಹಾಗಾದರೆ ಈ ಜನ ಎಲ್ಲಿಂದ ಬಂದರು?

ಗೊರಗುಂಟೆಪಾಳ್ಯದ ಗೋಳು
ಮಗಳು ಒಂಬತ್ತನೇ ಕ್ಲಾಸು. ಜನಸಂಖ್ಯೆ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದಾರೆ, ಸ್ವಲ್ಪ ಹೇಳಿಕೊಡು ಅಂದಳು. ನಾನು ಖುಷಿಯಲ್ಲಿ ಶುರು ಮಾಡಿದೆ. "ಜನಸಂಖ್ಯಾ ಸ್ಫೋಟ ಅಂತ ಹೆಡ್ಡಿಂಗ್ ಹಾಕು. ನಾನು ಅದೇ ಪ್ರಬಂಧಕ್ಕೆ ಹತ್ತಕ್ಕೆ ಎಂಟು ತಗೊಂಡಿದ್ದೆ" ಅಂದೆ. ಅವಳು ಪೆನ್ನು ಕೆಳಗಿಟ್ಟು ಕೇಳಿದಳು: "ಅಪ್ಪಾ, ಟಿಎಫ್‌ಆರ್ ಅಂದರೆ ಒಬ್ಬ ಹೆಂಗಸು ಜೀವಮಾನದಲ್ಲಿ ಹೆರುವ ಮಕ್ಕಳ ಸರಾಸರಿ. ಕರ್ನಾಟಕದಲ್ಲಿ ಅದು 1.7. ಸ್ಫೋಟ ಎಲ್ಲಿದೆ?"

ದಿನಾ ಸಂಜೆ ಗೊರಗುಂಟೆಪಾಳ್ಯ ಸಿಗ್ನಲ್‌ನಲ್ಲಿ ನಲವತ್ತು ನಿಮಿಷ ನಿಲ್ಲುವವನಿಗೆ ಕೇಳುವ ಪ್ರಶ್ನೆಯಾ ಇದು? ಸ್ಫೋಟ ನನ್ನ ಬೈಕಿನ ಮುಂದೆನೇ ಇದೆ, ಹಿಂದೆನೂ ಇದೆ ಅಂದೆ. ಅವಳು ನಕ್ಕು ಒಳಗೆ ಹೋದಳು. ಹೆಂಡತಿಯೂ ನಕ್ಕಳು.

ಬಲ್ಲವರು ಹೇಳಿ. ಬೆಳವಣಿಗೆ ದರ ಇಳಿಯುತ್ತಿದೆ ಅಂತಾರೆ, ಜನ ಮಾತ್ರ ಜಾಸ್ತಿ ಆಗ್ತಾನೇ ಇದ್ದಾರೆ. ಎರಡೂ ಒಟ್ಟಿಗೆ ಹೇಗೆ ನಿಜ? ಮತ್ತೆ ಈ 0.7 ಮಗು ಯಾರ ಮನೆಯಲ್ಲಿದೆ?

ಸುಮ್ನಿರಪ್ಪ
0.7 ನಮ್ಮ ಮನೆಯಲ್ಲಿದೆ ಸಾರ್. ಅರ್ಧ ದಿನ ಮೊಬೈಲಲ್ಲಿ ಇರ್ತಾನೆ.

ಸಂಪ್ ತುಂಬಲಿಲ್ಲ
ಬೆಂಗಳೂರಿನವರಿಗೆ ಇದು ಸುಲಭ. ಮನೆ ಮುಂದಿನ ಸಂಪ್ ನೆನಪು ಮಾಡಿಕೊಳ್ಳಿ. ಕಾವೇರಿ ನೀರು ಒಳಗೆ ಬರೋದು ಜನನ. ಮೋಟಾರ್ ಎಳೆದು ಮೇಲೆ ಹಾಕೋದು ಮರಣ. ಬರೋ ನೀರು ಮೊದಲಿಗಿಂತ ಸಣ್ಣ ಆಗಿರಬಹುದು. ಆದರೂ ಮೋಟಾರ್ ಎಳೆಯೋದಕ್ಕಿಂತ ಜಾಸ್ತಿ ಬರುವವರೆಗೂ ಸಂಪ್‌ನಲ್ಲಿ ಮಟ್ಟ ಏರ್ತಾನೇ ಇರುತ್ತೆ. ದರ ಇಳಿಯೋದು ಅಂದರೆ ನಲ್ಲಿ ಸಣ್ಣ ಆಗೋದು. ಜನ ಕಡಿಮೆ ಆಗೋದು ಬೇರೆ ವಿಷಯ.

ಸುಮ್ನಿರಪ್ಪ
ಟ್ಯಾಂಕರ್ ಬಂದರೆ?

ಸಂಪ್ ತುಂಬಲಿಲ್ಲ
ಅದು ವಲಸೆ. ತಮಾಷೆ ಮಾಡೋಕೆ ಹೋಗಿ ಸರಿಯಾಗಿ ಕೇಳಿಬಿಟ್ಟಿರಿ. ಲೆಕ್ಕ ಇಷ್ಟೇ: ಹುಟ್ಟಿದವರು, ಕಳೆ ಸತ್ತವರು, ಕೂಡಿಸು ಬಂದವರು, ಕಳೆ ಹೋದವರು. ಇಡೀ ಭೂಮಿಗಾದರೆ ಟ್ಯಾಂಕರ್ ಇಲ್ಲ. ಬೆಂಗಳೂರಿಗೆ ಟ್ಯಾಂಕರ್ರೇ ಮುಖ್ಯ.

ಎಫ್‌ಡಿ ಆಂಟಿ
ಮೂವತ್ತು ವರ್ಷ ಬ್ಯಾಂಕಿನಲ್ಲಿದ್ದೆ, ಬಡ್ಡಿ ಲೆಕ್ಕದಲ್ಲೇ ಹೇಳುತ್ತೇನೆ. ಅಸಲು ಚಿಕ್ಕದಿದ್ದು ಬಡ್ಡಿ ದರ ಜಾಸ್ತಿ ಇದ್ದರೂ, ಅಸಲು ದೊಡ್ಡದಾಗಿ ಬಡ್ಡಿ ದರ ಕಡಿಮೆ ಆದರೂ, ಕೈಗೆ ಬರುವ ದುಡ್ಡು ಸುಮಾರು ಒಂದೇ ಆಗಬಹುದು. 1960ರಲ್ಲಿ ಪ್ರಪಂಚದ ಜನ 300 ಕೋಟಿ. ಆ ದಶಕದಲ್ಲಿ ಬೆಳವಣಿಗೆ ವರ್ಷಕ್ಕೆ ಶೇ. 2ರ ಮೇಲೆ ಹೋಗಿತ್ತು, ಅದೇ ಇತಿಹಾಸದ ತುದಿ. 300 ಕೋಟಿಗೆ ಶೇ. 2 ಅಂದರೆ ವರ್ಷಕ್ಕೆ 6 ಕೋಟಿ. ಈಗ ದರ ಶೇ. 0.9ರ ಆಸುಪಾಸು. ಆದರೆ ಅಸಲು 800 ಕೋಟಿ ದಾಟಿದೆ. ಗುಣಿಸಿ ನೋಡಿ, 7 ಕೋಟಿ ಮೇಲೆ ಬರುತ್ತದೆ. ದರ ಅರ್ಧಕ್ಕಿಂತ ಕೆಳಗೆ ಬಂತು, ಸೇರುವ ತಲೆ ಕಡಿಮೆ ಆಗಲಿಲ್ಲ.

ಇನ್ನೊಂದು ಉಪಾಯ ಹೇಳುತ್ತೇನೆ, ಎಫ್‌ಡಿಗೂ ಆಗುತ್ತದೆ. 70ನ್ನು ದರದಿಂದ ಭಾಗಿಸಿ. ದುಪ್ಪಟ್ಟಾಗಲು ಎಷ್ಟು ವರ್ಷ ಬೇಕು ಅಂತ ಹೆಚ್ಚುಕಮ್ಮಿ ಸಿಗುತ್ತದೆ. ಶೇ. 2 ಆದರೆ 35 ವರ್ಷ. ಶೇ. 1 ಆದರೆ 70. 1960ರ 300 ಕೋಟಿ 1999ಕ್ಕೆ 600 ಕೋಟಿ ಆಯಿತು. 39 ವರ್ಷ. ನಡುವೆ ದರ ಇಳಿಯುತ್ತಾ ಬಂದಿದ್ದಕ್ಕೆ ನಾಲ್ಕು ವರ್ಷ ಜಾಸ್ತಿ ಹಿಡಿಯಿತು.

ಗೊರಗುಂಟೆಪಾಳ್ಯದ ಗೋಳು
ಆಂಟಿ, ಇದನ್ನು ಮಗಳಿಗೆ ತೋರಿಸಿದೆ. "ಈ ಆಂಟಿ ನಮ್ಮ ಸ್ಕೂಲಿಗೆ ಬರಬಾರದಾ" ಅಂದಳು.

ಹಳೇ ಪೇಟೆ
ಮೊದಲ 100 ಕೋಟಿ ಆಗೋಕೆ ಮನುಷ್ಯ ಹುಟ್ಟಿದಾಗಿನಿಂದ ಸುಮಾರು 1804ರವರೆಗೆ ಬೇಕಾಯಿತು. ಎರಡನೇ 100 ಕೋಟಿಗೆ 1927. ಆಮೇಲೆ 1960, 1974, 1987, 1999, 2011, 2022. ಕೊನೆಯ 100 ಕೋಟಿಗೆ ಬರೀ 11 ವರ್ಷ. ಜುಲೈ 11 ವಿಶ್ವ ಜನಸಂಖ್ಯಾ ದಿನ ಯಾಕೆ ಅಂತ ಪ್ರಾಜೆಕ್ಟಿನಲ್ಲಿ ಹಾಕಿ. 1987ರಲ್ಲಿ 500 ಕೋಟಿ ಆದ ದಿನ ಅಂತ ಗುರುತಿಸಿದ್ದು ಅದನ್ನೇ.

ಉಡುಪಿಯಿಂದ ಉಲ್ಲಾಳು
ಹಾಗಾದರೆ ಮುಂದಿನ 100 ಕೋಟಿಗೆ 10 ವರ್ಷ ಅಲ್ವಾ?

ಹಳೇ ಪೇಟೆ
ಇಲ್ಲ. ಓಟ ಇಳಿಯುತ್ತಿದೆ. 900 ಕೋಟಿಗೆ ಸುಮಾರು 15 ವರ್ಷ ಹಿಡಿಯುತ್ತದೆ ಅಂತ ವಿಶ್ವಸಂಸ್ಥೆ ಅಂದಾಜು. 2024ರ ಅವರ ಲೆಕ್ಕದಂತೆ 2080ರ ದಶಕದ ನಡುವೆ 1030 ಕೋಟಿಯ ಹತ್ತಿರ ಹೋಗಿ, ಅಲ್ಲಿಂದ ಮೆಲ್ಲಗೆ ಇಳಿಯುತ್ತದೆ. ಅಂದಾಜು ಅನ್ನುವುದು ನೆನಪಿರಲಿ, ಪಂಚಾಂಗ ಅಲ್ಲ.

ನಂಗೂ ಗೊತ್ತು
ಎಲ್ಲ ಸರಿ. ಆದರೆ ಅಪ್ಪ ಅಮ್ಮನ ಜಾಗ ತುಂಬೋಕೆ ಬೇಕಾದ 2.1ಕ್ಕಿಂತ ಟಿಎಫ್‌ಆರ್ ಕೆಳಗೆ ಬಂದಮೇಲೆ ಜನಸಂಖ್ಯೆ ಇಳಿಯಲೇಬೇಕು. ಇಬ್ಬರು ಸೇರಿ ಎರಡಕ್ಕಿಂತ ಕಡಿಮೆ ಹೆತ್ತರೆ ಹೇಗೆ ಹೆಚ್ಚಾಗುತ್ತೆ? 1.7 ಅನ್ನೋ ನಂಬರೇ ಸುಳ್ಳಿರಬೇಕು. ನಮ್ಮಜ್ಜಿಗೆ ಆರು ಮಕ್ಕಳು, ಅವರಿಗೆಲ್ಲ ತಲಾ ಎರಡೆರಡು. ಆರರಿಂದ ಹನ್ನೆರಡು ಆಯ್ತು. ಎರಡೇ ಮಕ್ಕಳು ಮಾಡಿಕೊಂಡರೂ ಮನೆ ದುಪ್ಪಟ್ಟು. ಲೆಕ್ಕ ಎಲ್ಲೋ ತಪ್ಪಿದೆ.

ಗಣತಿ ಮೇಷ್ಟ್ರು
ಲೆಕ್ಕ ತಪ್ಪಿದೆ, ಆದರೆ ನಿಮ್ಮದು. ನಿಮ್ಮ ಅತ್ತೆ, ಚಿಕ್ಕಪ್ಪ ಎಲ್ಲ ಒಬ್ಬೊಬ್ಬರೇ ಮಕ್ಕಳು ಹೆತ್ತರಾ? ಸೊಸೆಯರು, ಅಳಿಯಂದಿರು ಇನ್ನೊಂದು ಮನೆಯ ತಲೆ. ಪ್ರತಿ ಮೊಮ್ಮಗುವಿನಲ್ಲಿ ಅರ್ಧ ಆ ಮನೆಯ ಲೆಕ್ಕಕ್ಕೆ ಹೋಗಬೇಕು. ಆಗ ನಿಮ್ಮ ಮನೆಗೆ ಹನ್ನೆರಡಲ್ಲ, ಆರು.

ಈಗ ನೋಡಿ ಮಜಾ. ಅಜ್ಜ ಅಜ್ಜಿ 2, ಮಕ್ಕಳು 6, ಒಟ್ಟು 8. ಮಕ್ಕಳು ದೊಡ್ಡವರಾಗಿ ತಲಾ ಎರಡೇ ಹೆತ್ತರು. ಮೊಮ್ಮಕ್ಕಳು 6, ಒಟ್ಟು 14. ಅಜ್ಜ ಅಜ್ಜಿ ಹೋದರು, ಮರಿಮಕ್ಕಳು 6 ಬಂದರು. ಒಟ್ಟು 18. ಎರಡು ತಲೆಮಾರಿನಿಂದ ಯಾರೂ ಎರಡಕ್ಕಿಂತ ಜಾಸ್ತಿ ಹೆತ್ತಿಲ್ಲ. ಆದರೂ ಮನೆ 8ರಿಂದ 18ಕ್ಕೆ ಹೋಯಿತು. ಅಲ್ಲಿಗೆ ನಿಂತಿತು. ಯಾಕೆ ಅಂದರೆ ಸಾಯುವ ವಯಸ್ಸಿನವರು ಇಬ್ಬರೇ, ಹೆರುವ ವಯಸ್ಸಿನವರು ಆರು ಜನ. ಇದಕ್ಕೆ ಡೆಮಾಗ್ರಫಿಯಲ್ಲಿ, ಅಂದರೆ ಜನಸಂಖ್ಯಾ ಶಾಸ್ತ್ರದಲ್ಲಿ, ಮೊಮೆಂಟಮ್ ಅಂತಾರೆ. ಬ್ರೇಕ್ ಹಾಕಿದ ಮೇಲೂ ಬಸ್ಸು ಸ್ವಲ್ಪ ದೂರ ಉರುಳುತ್ತಲ್ಲ, ಅದೇ. ಕರ್ನಾಟಕ ಈಗ ಉರುಳುವ ಹಂತದಲ್ಲಿದೆ.

2.1 ಯಾಕೆ, 2 ಯಾಕಲ್ಲ ಅಂತಲೂ ಕೇಳುತ್ತೀರಿ. ಹುಟ್ಟುವಾಗ ಗಂಡು ಸ್ವಲ್ಪ ಜಾಸ್ತಿ. ಹುಟ್ಟಿದ ಎಲ್ಲ ಹೆಣ್ಣುಮಕ್ಕಳೂ ತಾಯಿಯಾಗುವ ವಯಸ್ಸಿನವರೆಗೆ ಉಳಿಯುವುದಿಲ್ಲ. ಆ ಖೋತಾ ತುಂಬಲು 0.1. ಮಕ್ಕಳ ಸಾವು ಜಾಸ್ತಿ ಇರುವ ದೇಶದಲ್ಲಿ ಇದು ಇನ್ನೂ ಜಾಸ್ತಿ ಇರುತ್ತದೆ.

ನಂಗೂ ಗೊತ್ತು
ಸರಿ ಮೇಷ್ಟ್ರೇ, ಅರ್ಧ ಲೆಕ್ಕ ಒಪ್ಪಿದೆ. ಆದರೆ 1.7 ಎಣಿಸಿದವರು ಯಾರು? ನಮ್ಮ ಮನೆಗಂತೂ ಯಾರೂ ಬಂದಿಲ್ಲ.

ಗಣತಿ ಮೇಷ್ಟ್ರು
ಅದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಐದನೆಯದು, 2019-21. ಎಲ್ಲರ ಮನೆಗೂ ಹೋಗುವುದಿಲ್ಲ, ಆಯ್ದ ಮನೆಗಳಿಗೆ ಹೋಗುತ್ತಾರೆ. ಅನ್ನ ಬೆಂದಿದೆಯಾ ಅಂತ ನೋಡಲು ಪಾತ್ರೆ ಪೂರ್ತಿ ಹಿಸುಕುತ್ತೀರಾ? ಕರ್ನಾಟಕ 1.7, ಇಡೀ ದೇಶ 2.0. 1992-93ರ ಮೊದಲ ಸಮೀಕ್ಷೆಯಲ್ಲಿ ದೇಶದ್ದು 3.4 ಇತ್ತು. ಜನಗಣತಿ ಬೇರೆ, ಅದು ಪ್ರತಿ ಮನೆಗೂ ಬರುತ್ತದೆ.

2011ರಲ್ಲಿ ನಾನು ಎಣಿಸಲು ಹೋಗಿದ್ದೆ. ಫೆಬ್ರವರಿ 9ರಿಂದ 28. ಬೆಳಿಗ್ಗೆ ಶಾಲೆ, ಸಂಜೆ ಫಾರ್ಮು. ನನ್ನ ಬ್ಲಾಕು ಮಾಗಡಿ ರಸ್ತೆಯ ಒಳಗೆ ಒಂದು ವಠಾರ ಮತ್ತು ಸುತ್ತಲ ಬೀದಿ. ವಯಸ್ಸು ಎಷ್ಟಮ್ಮ ಅಂದರೆ, "ಬರ್ಕೊಳ್ಳಿ ಮೇಷ್ಟ್ರೇ, ನಲವತ್ತು" ಅನ್ನುವರು. ಪಕ್ಕದ ಮನೆಯಲ್ಲೂ ನಲವತ್ತು. ಅದರ ಪಕ್ಕ ನಲವತ್ತೈದು. ಇಡೀ ವಠಾರದಲ್ಲಿ ನಲವತ್ತೊಂದು ವರ್ಷದವರು ಒಬ್ಬರೂ ಇಲ್ಲ! ಡೆಮಾಗ್ರಫಿಯವರು ಇದಕ್ಕೂ ಒಂದು ಅಳತೆ ಇಟ್ಟಿದ್ದಾರೆ, ವಿಪಲ್ ಸೂಚ್ಯಂಕ. ಜನ ಸರಿಯಾಗಿ ಹೇಳಿದರೆ 100. ಎಲ್ಲರೂ ಸೊನ್ನೆ, ಐದರಲ್ಲೇ ಮುಗಿಸಿದರೆ 500.

ಇನ್ನೊಂದು ಕಾಲಂ ಇತ್ತು. ಮದುವೆಯಾದ ಹೆಂಗಸರಿಗೆ ಹುಟ್ಟಿದ ಮಕ್ಕಳು ಎಷ್ಟು, ಉಳಿದವರು ಎಷ್ಟು. ಒಬ್ಬರು ಅಜ್ಜಿ ಬಟ್ಟಲಲ್ಲಿ ಅವರೆಕಾಳು ಹಿತುಕುತ್ತಾ ಕೂತಿದ್ದರು. ಉಳಿದವರು ಮೂರು ಅಂದರು. ಹುಟ್ಟಿದ್ದು? ಕೈ ನಿಂತಿತು. ಸಿಪ್ಪೆ ಸುಲಿದ ಕಾಳು ಒಂದೊಂದೇ ಪಕ್ಕಕ್ಕೆ ಇಟ್ಟರು. ಏಳು ಕಾಳು. "ಏಳು ಬರ್ಕೊಳ್ಳಿ" ಅಂದರು. ಸೊಸೆ ಅಡುಗೆಮನೆಯಿಂದ ಇಣುಕಿ ನೋಡಿದಳು. ಅವಳಿಗೂ ಅವತ್ತೇ ಗೊತ್ತಾಗಿದ್ದು ಅನ್ನಿಸಿತು.

ನರ್ಸಕ್ಕ
ಮೇಷ್ಟ್ರು ಹೇಳಿದ್ದು ಓದಿ ಸುಮ್ಮನೆ ಇರಲಾಗಲಿಲ್ಲ. ತುಮಕೂರು ಕಡೆ ಹಳ್ಳಿಗಳಲ್ಲಿ ಕೆಲಸ ಮಾಡಿ ರಿಟೈರ್ ಆದವಳು ನಾನು. ಗೋಡೆ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ, "ಆರತಿಗೊಬ್ಬಳು ಕೀರ್ತಿಗೊಬ್ಬ". ಆ ಪೋಸ್ಟರ್ ಅಂಟಿಸಿ ಅಂಟಿಸಿ ಮೈದಾ ಅಂಟಿನ ವಾಸನೆ ಕೈಯಿಂದ ಹೋಗುತ್ತಿರಲಿಲ್ಲ. ಪೋಸ್ಟರ್ ನೋಡಿ ಯಾರೂ ಆಪರೇಷನ್‌ಗೆ ಬರಲಿಲ್ಲ, ನಿಜ ಹೇಳುತ್ತೇನೆ.

ಒಬ್ಬಳು ಕೇಳಿದ್ದು ಇನ್ನೂ ಕಿವಿಯಲ್ಲಿದೆ. "ಸಿಸ್ಟರ್, ಎರಡು ಸಾಕು ಅಂತೀರಿ. ಒಂದು ಹೋದರೆ ನೀವು ತಂದುಕೊಡ್ತೀರಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳಿಗೆ ದಡಾರದಲ್ಲಿ ಒಂದು ಮಗು ಹೋಗಿತ್ತು. ಆಮೇಲೆ ಲಸಿಕೆ ಸರಿಯಾಗಿ ಬಂತು. ಭೇದಿಗೆ ಓಆರ್‌ಎಸ್ ಪೊಟ್ಟಣ ಬಂತು. ಮಕ್ಕಳು ಉಳಿಯುತ್ತವೆ ಅಂತ ಧೈರ್ಯ ಬಂದ ಮೇಲೆ ಅವರೇ ಕೇಳಿಕೊಂಡು ಬಂದರು. ಹೆಣ್ಣುಮಕ್ಕಳು ಹೈಸ್ಕೂಲು ಮುಗಿಸಿದ ಮೇಲೆ ಇನ್ನೂ ಬೇಗ. ಮೊದಲು ಸಾವು ಇಳಿಯಿತು, ಆಮೇಲೆ ಹುಟ್ಟು ಇಳಿಯಿತು. ನಡುವೆ ಇದ್ದ ಆ ಕಾಲವೇ ನೀವು ಹೇಳುವ ಸ್ಫೋಟ.

ಮತ್ತೆ, ಆಪರೇಷನ್ ಅಂದರೆ ಹೆಂಗಸರದ್ದೇ. ಅದೇ ಐದನೇ ಸಮೀಕ್ಷೆ ನೋಡಿ. ದೇಶದಲ್ಲಿ ಹೆರುವ ವಯಸ್ಸಿನ ದಂಪತಿಗಳಲ್ಲಿ ಹೆಂಗಸರ ಆಪರೇಷನ್ ಆಗಿದ್ದು ಸುಮಾರು ಶೇ. 38, ಗಂಡಸರದ್ದು ಶೇ. 0.3. ಗಂಡಸರಿಗೆ ಅದು ಸಣ್ಣ ಕೆಲಸ, ಹೊಲಿಗೆಯೂ ಬೇಡ. ಆದರೂ "ಭಾರ ಎತ್ತೋಕೆ ಆಗಲ್ಲ ಸಿಸ್ಟರ್" ಅಂತ ನೆಪ. ಹೆಂಡತಿ ಎತ್ತುವ ನೀರಿನ ಕೊಡ ಭಾರ ಅಲ್ವಾ?

ಎಫ್‌ಡಿ ಆಂಟಿ
ಚೆನ್ನಾಗಿ ಕೇಳಿದಿರಿ ಅಕ್ಕಾ.

ಸುಮ್ನಿರಪ್ಪ
ಗಂಡಸರೆಲ್ಲ ಈಗ ಆಫ್‌ಲೈನ್.

ಹಳೇ ಪೇಟೆ
ಗಂಡಸರ ಹೆದರಿಕೆಗೆ ತುರ್ತು ಪರಿಸ್ಥಿತಿಯೂ ಒಂದು ಕಾರಣ. 1976-77ರಲ್ಲಿ ಒಂದೇ ವರ್ಷ 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಆಪರೇಷನ್ ಆಯಿತು, ಎಷ್ಟೋ ಕಡೆ ಬಲವಂತವಾಗಿ. ಆ ಕೆಟ್ಟ ಹೆಸರು ಇನ್ನೂ ಹೋಗಿಲ್ಲ.

ಮೈಸೂರು ಸಂಸ್ಥಾನ ಇದಕ್ಕೆಲ್ಲ ಮೊದಲೇ, 1930ರಲ್ಲೇ, ಸರ್ಕಾರದಿಂದ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದಿತ್ತು. ಭಾರತದ ಕುಟುಂಬ ಯೋಜನೆ ಶುರುವಾಗಿದ್ದು 1952ರಲ್ಲಿ. ಪ್ರಾಜೆಕ್ಟಿಗೆ ಒಳ್ಳೆ ಬಾಕ್ಸ್ ಐಟಂ.

ಜನಸಂಖ್ಯೆ ಯಾವಾಗಲೂ ಏರುತ್ತಲೇ ಬಂದಿದೆ ಅಂದುಕೊಳ್ಳಬೇಡಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಜನ ಮನೆ ಬಿಟ್ಟು ಓಡಿದರು. ಬಸವನಗುಡಿ, ಮಲ್ಲೇಶ್ವರದಂಥ ಅಗಲ ರಸ್ತೆಯ ಬಡಾವಣೆಗಳು ಆ ಭಯದಲ್ಲಿ ಬೇಗ ಬೆಳೆದವು. 1911ರಿಂದ 1921ರ ನಡುವೆ ಇಡೀ ಭಾರತದ ಜನಸಂಖ್ಯೆಯೇ ಇಳಿಯಿತು. 1918ರ ಇನ್‌ಫ್ಲುಯೆಂಜಾ ದೊಡ್ಡ ಕಾರಣ. 1921ರ ಆಚೆ ಪ್ರತಿ ಗಣತಿಯಲ್ಲೂ ಏರಿಕೆಯೇ.

ಉಡುಪಿಯಿಂದ ಉಲ್ಲಾಳು
ಸ್ವಾತಂತ್ರ್ಯ ಬಂದಾಗ ನಮ್ಮವರ ಸರಾಸರಿ ಆಯಸ್ಸು 32 ಅಂತ ಓದಿದ್ದೆ. ಅಂದರೆ ಮೂವತ್ತೆರಡಕ್ಕೆ ಎಲ್ಲ ಮುದುಕರಾಗಿ ಸಾಯ್ತಿದ್ದರಾ? ನಮ್ಮ ಅಜ್ಜ ತೊಂಬತ್ತು ಬದುಕಿದ್ದರು.

ನರ್ಸಕ್ಕ
ಅಲ್ಲ ತಮ್ಮಾ. ಒಂದು ಮಗು ಹುಟ್ಟಿದ ವಾರಕ್ಕೆ ಹೋಯಿತು, ಇನ್ನೊಬ್ಬರು 64 ಬದುಕಿದರು. ಸರಾಸರಿ 32. ಆ ಕಾಲಕ್ಕೆ ಐದು ವರ್ಷ ದಾಟಿದ ಮಗುವಿಗೆ ಮುಂದೆ ಬದುಕುವ ಅವಕಾಶ ಎಷ್ಟೋ ಹೆಚ್ಚಿರುತ್ತಿತ್ತು. ಆ ಐದು ವರ್ಷ ದಾಟುವುದೇ ಕಷ್ಟ.

ನಂಗೂ ಗೊತ್ತು
ಈಗ ಅಸಲು ವಿಷಯಕ್ಕೆ ಬರೋಣ. ನಾವು 1.7ಕ್ಕೆ ಇಳಿಸಿದೆವು. ಬಿಹಾರ 3.0. ನಾವು ಶಿಸ್ತಾಗಿದ್ದಕ್ಕೆ ಲೋಕಸಭೆಯಲ್ಲಿ ಸೀಟು ಕಡಿಮೆ, ಹೆತ್ತವರಿಗೆ ಜಾಸ್ತಿ. ಇದು ನ್ಯಾಯನಾ? ಟ್ರಾಫಿಕ್‌ಗೂ ಅವರೇ ಕಾರಣ.

ಸಂಪ್ ತುಂಬಲಿಲ್ಲ
ಸೀಟಿನ ವಿಷಯ ನಿಜವಾದ ಚಿಂತೆ, ಒಪ್ಪುತ್ತೇನೆ. ರಾಜ್ಯಗಳಿಗೆ ಹಂಚಿದ ಸೀಟು ಇವತ್ತಿಗೂ 1971ರ ಗಣತಿ ಮೇಲೆ ನಿಂತಿದೆ. 1976ರಲ್ಲಿ ಅದನ್ನು ತಡೆಹಿಡಿದಿದ್ದೇ ಕುಟುಂಬ ಯೋಜನೆ ಮಾಡಿದ ರಾಜ್ಯಕ್ಕೆ ನಷ್ಟ ಆಗಬಾರದು ಅಂತ. ನಮ್ಮದು 28. ಆದರೆ "ಹೆತ್ತವರು" ಅಂತ ಬೈಯುವುದು ಬೇಡ. ಬಿಹಾರ 2005-06ರಲ್ಲಿ 4.0 ಇತ್ತು, 2019-21ಕ್ಕೆ 3.0. 1992-93ರಲ್ಲಿ ನಾವೇ 2.9ರ ಹತ್ತಿರ ಇದ್ದೆವು. ಅವರು ನಮ್ಮ ಹಿಂದಿನ ಬಸ್ಸಿನಲ್ಲಿ ಬರುತ್ತಿದ್ದಾರೆ, ಅಷ್ಟೇ.

ನಂಗೂ ಗೊತ್ತು
ಹಿಂದಿನ ಬಸ್ಸಲ್ಲ, ನನ್ನ ಬಸ್ಸಲ್ಲೇ ಇದ್ದಾರೆ. ಸೀಟು ಸಿಗಲ್ಲ.

ಕಾಫಿನಾಡು
ನಾನೂ ನಿಮ್ಮ ಬಸ್ಸಲ್ಲೇ ಇದ್ದೇನೆ ಗುರು. ಮೂಡಿಗೆರೆ ಹತ್ತಿರದವನು. ನನ್ನನ್ನೂ ಇಳಿಸ್ತೀರಾ?

ಬೆಂಗಳೂರು ನಗರ ಜಿಲ್ಲೆ 2001ರಲ್ಲಿ 65 ಲಕ್ಷ, 2011ಕ್ಕೆ 96 ಲಕ್ಷ. ಹತ್ತು ವರ್ಷದಲ್ಲಿ ಶೇ. 47. ಇಡೀ ರಾಜ್ಯ ಬೆಳೆದಿದ್ದು ಶೇ. 15.6. ಇಷ್ಟು ಜನ ಇಲ್ಲಿನ ಹೆರಿಗೆ ಆಸ್ಪತ್ರೆಗಳಲ್ಲಿ ಹುಟ್ಟೋಕೆ ಸಾಧ್ಯವೇ ಇಲ್ಲ. ಅದೇ ಹತ್ತು ವರ್ಷದಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಬೆಳೆಯಲೇ ಇಲ್ಲ, ಸ್ವಲ್ಪ ಇಳಿಯಿತು. ಆ ಇಳಿದ ಲೆಕ್ಕದಲ್ಲಿ ನಾನೂ ಒಬ್ಬ.

ಊರಿಗೆ ಹೋದರೆ ನಾನು ಓದಿದ ಶಾಲೆಯಲ್ಲಿ ಒಂದರಿಂದ ಐದರವರೆಗೆ ಸೇರಿ ಏಳು ಮಕ್ಕಳು. ನಮ್ಮ ಕಾಲದಲ್ಲಿ ಬೆಂಚಿಗೆ ಐದು ಜನ ಕೂತು, ತುದಿಯವನು ಬೀಳುತ್ತಿದ್ದ. ಈಗ ಮೇಡಂ ಮಕ್ಕಳಿಗೆ ಆಟದಲ್ಲಿ ಎದುರಾಳಿ ತಂಡ ಮಾಡೋಕಾಗದೆ ತಾವೇ ಆಡ್ತಾರೆ. ಅಮ್ಮನಿಗೆ ಎಪ್ಪತ್ತೆರಡು. ಪಕ್ಕದ ಮನೆಯವರಿಗೆ ಎಪ್ಪತ್ತೈದು. ಕಾಫಿ ಕೊಯ್ಲಿಗೆ ಆಳು ಅಸ್ಸಾಂನಿಂದ ಬರುತ್ತಾರೆ. ನಿಮಗೆ ಸಿಗ್ನಲ್‌ನಲ್ಲಿ ಜನ ಜಾಸ್ತಿ ಅನ್ನಿಸುತ್ತೆ. ನಮ್ಮಮ್ಮನಿಗೆ ಬಲ್ಬ್ ಬದಲಾಯಿಸೋಕೆ ಒಬ್ಬರು ಸಿಗಲ್ಲ.

ಉಡುಪಿಯಿಂದ ಉಲ್ಲಾಳು
ನಮ್ಮಲ್ಲೂ ಅದೇ. ಉಡುಪಿ ಜಿಲ್ಲೆಯಲ್ಲಿ 2011ರಲ್ಲಿ 1000 ಗಂಡಸರಿಗೆ 1094 ಹೆಂಗಸರು, ಬೆಂಗಳೂರು ನಗರದಲ್ಲಿ 916. ನಮ್ಮ ಗಂಡಸರೆಲ್ಲ ಮುಂಬೈ, ದುಬೈ, ಬೆಂಗಳೂರು. ಹೋಟೆಲ್ ಗಲ್ಲಾಪೆಟ್ಟಿಗೆ ಹಿಂದೆ ಹುಡುಕಿ.

ನಂಗೂ ಗೊತ್ತು
ಕಾಫಿನಾಡು, ಇಳಿಸಲ್ಲ ಮಾರಾಯ. ನಾನೂ ಹಾಸನದವನೇ.

ಸುಮ್ನಿರಪ್ಪ
😂😂 ಸಿಕ್ಕಿಬಿದ್ದರು.

ನಿರ್ವಾಹಕ
ಎರಡು ಪೋಸ್ಟ್ ತೆಗೆದಿದ್ದೇನೆ. ಯಾವ ಜಾತಿ, ಯಾವ ಧರ್ಮ ಎಷ್ಟು ಹೆರುತ್ತೆ ಅಂತ ವಾಟ್ಸಾಪ್ ಫಾರ್ವರ್ಡ್ ತಂದು ಸುರಿಯಬೇಡಿ. ಮಗುವಿನ ಪ್ರಾಜೆಕ್ಟ್ ಇದು.

ಎಫ್‌ಡಿ ಆಂಟಿ
ನನಗೊಂದು ಅನುಮಾನ. ಜಪಾನಿನಲ್ಲಿ 1000 ಜನಕ್ಕೆ ವರ್ಷಕ್ಕೆ 12-13 ಸಾವು, ನಮ್ಮಲ್ಲಿ 6-7 ಅಂತ ಓದಿದೆ. ಅಂದರೆ ನಾವು ಅವರಿಗಿಂತ ಆರೋಗ್ಯವಂತರಾ? ನಂಬೋಕಾಗ್ತಿಲ್ಲ.

ಗಣತಿ ಮೇಷ್ಟ್ರು
ನಂಬಬೇಡಿ. ಮರಣ ದರ ಅನ್ನುವುದು ಸತ್ತವರನ್ನು ಒಟ್ಟು ಜನರಿಂದ ಭಾಗಿಸಿದ್ದು, ವಯಸ್ಸು ನೋಡುವುದಿಲ್ಲ. ವೃದ್ಧಾಶ್ರಮದಲ್ಲಿ ಎಷ್ಟು ಒಳ್ಳೆ ಡಾಕ್ಟರ್ ಇದ್ದರೂ ಕಾಲೇಜ್ ಹಾಸ್ಟೆಲ್‌ಗಿಂತ ಸಾವು ಜಾಸ್ತಿ. ಜಪಾನು ವಯಸ್ಸಾದವರ ಮನೆ. ನಾವಿನ್ನೂ ಹಾಸ್ಟೆಲ್.

ಚಿಕ್ಕ ವಯಸ್ಸಿನವರು ಬುಡದಲ್ಲಿ, ಮುದುಕರು ತುದಿಯಲ್ಲಿ ಬರುವ ವಯಸ್ಸಿನ ಪಿರಮಿಡ್ ಬರೆಸಿ ಮಗಳ ಹತ್ತಿರ. 1951ರ ಭಾರತ ನಿಜವಾದ ಪಿರಮಿಡ್, ಬುಡ ಅಗಲ. ಈಗಿನದು ಬಿಂದಿಗೆ ಥರ, ಹೊಟ್ಟೆ ಉಬ್ಬಿದೆ, ಬುಡ ಒಳಗೆ ಹೋಗಿದೆ. ಜಪಾನಿನದು ಬುಗುರಿ. ದಕ್ಷಿಣ ಕೊರಿಯಾದ ಬುಡ ಇನ್ನೂ ಚೂಪಾಗುತ್ತಿದೆ, 2023ರಲ್ಲಿ ಅಲ್ಲಿ ಟಿಎಫ್‌ಆರ್ 0.72. ನಮ್ಮ ಹೊಟ್ಟೆಯಲ್ಲಿರುವವರು ಇವತ್ತು ದುಡಿಯುವ ವಯಸ್ಸಿನವರು. ಮೂವತ್ತು ವರ್ಷ ಬಿಟ್ಟರೆ ಅವರೆಲ್ಲ ಪಿಂಚಣಿಗೆ ಕಾಯುವವರು. ಇಲ್ಲಿ ಪಿಂಚಣಿ ಇರುವವರು ಎಷ್ಟು ಜನ ಅಂತ ಕೈ ಎತ್ತಿ ನೋಡೋಣ.

ಸುಮ್ನಿರಪ್ಪ
ಕೈ ಎತ್ತಿದ್ದು ಮೇಷ್ಟ್ರು, ಆಂಟಿ, ನರ್ಸಕ್ಕ. ಮಿಕ್ಕವರೆಲ್ಲ ಇಎಂಐ.

ಗೊರಗುಂಟೆಪಾಳ್ಯದ ಗೋಳು
ಎಲ್ಲರಿಗೂ ಥ್ಯಾಂಕ್ಸ್. ಹೆಡ್ಡಿಂಗ್ ಬದಲಾಯಿತು. "ಸ್ಫೋಟ" ಹೊಡೆದುಹಾಕಿ "ಬ್ರೇಕ್ ಹಾಕಿದ ಬಸ್ಸು" ಅಂತ ಬರೆದಿದ್ದಾಳೆ. ಬಿಂದಿಗೆಯೂ ಬರೆದಳು, ನಮ್ಮ ಮನೆಯ ಹಿತ್ತಾಳೆ ಬಿಂದಿಗೆಯನ್ನೇ ಎದುರಿಗೆ ಇಟ್ಟುಕೊಂಡು.

ಒಂದು ವಿಷಯ. ಮೇಷ್ಟ್ರ ಅವರೆಕಾಳು ಓದಿ ಮಗಳು ನಮ್ಮಮ್ಮನಿಗೆ ಫೋನ್ ಹಾಕಿದಳು. "ಅಜ್ಜಿ, ನಿಂಗೆ ಹುಟ್ಟಿದ್ದು ಎಷ್ಟು, ಉಳಿದಿದ್ದು ಎಷ್ಟು?" ಸ್ಪೀಕರ್ ಹಾಕಿದ್ದಳು. ನಾವು ಮೂರು ಜನ ಅಣ್ಣತಮ್ಮಂದಿರು. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿಮ್ಮಪ್ಪನಿಗಿಂತ ಮುಂಚೆ ಒಬ್ಬಳು ಇದ್ದಳು. ಹನ್ನೊಂದು ದಿನ" ಅಂದರು. ನನಗೆ ನಲವತ್ತಾರು ವರ್ಷ. ಅಕ್ಕ ಇದ್ದಳು ಅಂತ ನಿನ್ನೆ ರಾತ್ರಿ ಗೊತ್ತಾಯಿತು.

ಮಗಳು ಕುಟುಂಬದ ಚಾರ್ಟಿನಲ್ಲಿ ನನ್ನ ಮೇಲೆ ಒಂದು ಚೌಕ ಬರೆದಿದ್ದಾಳೆ. ಒಳಗೆ ಏನು ಬರೆಯಬೇಕು ಅಂತ ಕೇಳುತ್ತಿದ್ದಾಳೆ. ಹೆಸರು ಇಟ್ಟಿರಲಿಲ್ಲವಂತೆ.

ನರ್ಸಕ್ಕ
ಹನ್ನೊಂದು ದಿನ ಅಂತಲೇ ಬರೆಯಲಿ. ಅಮ್ಮನ ಹತ್ತಿರ ಇನ್ನೊಂದು ಸಲ ಮಾತಾಡಿ, ಪ್ರಾಜೆಕ್ಟಿಗೆ ಅಲ್ಲ.

ಗಣತಿ ಮೇಷ್ಟ್ರು
ಮುಂದಿನ ಗಣತಿಯ ದಿನ 2027ರ ಮಾರ್ಚ್ 1 ಅಂತ ಸರ್ಕಾರ ಪ್ರಕಟಿಸಿದೆ. ಬಂದವರಿಗೆ ಒಂದು ಲೋಟ ನೀರು ಕೊಡಿ. ವಯಸ್ಸು ಸರಿಯಾಗಿ ಹೇಳಿ, ನಲವತ್ತಾರು ಅಂದರೆ ನಲವತ್ತಾರು.

ಸಂಪ್ ತುಂಬಲಿಲ್ಲ
ಮೂರು ದಿನ ಆದಮೇಲೆ ಕಾವೇರಿ ಬಂತು ನೋಡಿ. ಸಣ್ಣಗೆ ಬರ್ತಿದೆ. ಮೋಟಾರ್ ಆಫ್ ಮಾಡಿ ಬರ್ತೀನಿ.